ಇನ್ನೊಂದು ಡಾಕ್ಟರು

ಡಾಕ್ಟರ ಬಲಗೈಯ ತೋರುಬೆರಳಿಗೆ ದೇಹದ ಉಳಿದ ಅಂಗಗಳಿಗಿಲ್ಲದ ಒಂದು ಸ್ವಾತಂತ್ರ್ಯವಿತ್ತು. ಊಟ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದಾಗ, ಬಟ್ಟೆ ಅಂಗಡಿಯವನು ಬಿಚ್ಚಿದ ಥಾನುಗಳನ್ನೆಲ್ಲ ಸುತ್ತಿಟ್ಟು ಉಸ್ಸೆಂದಾಗ, ಸಭೆಯಲ್ಲಿ ವಂದನಾರ್ಪಣೆಯೂ ಮುಗಿದು ಕುರ್ಚಿ ಸರಿಯುವ ಸದ್ದು ಶುರುವಾದಾಗ, ಆ ಬೆರಳು ಯಾರ ಅಪ್ಪಣೆಗೂ ಕಾಯದೆ ಮೆಲ್ಲನೆ ಮೇಲೇಳುತ್ತಿತ್ತು, ಅದರ ಬೆನ್ನಿಗೇ, ಕ್ಷಮೆ ಕೇಳುವ ದನಿಯಲ್ಲಿ ಆದರೆ ಕ್ಷಮೆಯ ಅಗತ್ಯವೇ ಇಲ್ಲದ ನಿಶ್ಚಯದಲ್ಲಿ, ಆ ಮಾತು ಹೊರಬೀಳುತ್ತಿತ್ತು: "ಯಾವುದಕ್ಕೂ ಇನ್ನೊಂದು."

ಇಡೀ ಆಸ್ಪತ್ರೆಯಲ್ಲಿ ಅವರಿಗೆ ಇನ್ನೊಂದು ಡಾಕ್ಟರು ಎಂದೇ ಹೆಸರು. ಹೊಸದಾಗಿ ಸೇರಿದ ನರ್ಸೊಬ್ಬಳು, ಹಾಗಾದರೆ ಮೊದಲನೆಯ ಡಾಕ್ಟರು ಯಾವ ಕೋಣೆಯಲ್ಲಿರುತ್ತಾರೆ ಎಂದು ಕೇಳಿದ್ದಳಂತೆ. ಅವರ ನಡಿಗೆಯೂ ಈ ಹೆಸರಿಗೆ ತಕ್ಕದ್ದೇ. ಹೊರಟವರು ಬಾಗಿಲಲ್ಲಿ ನಿಂತು ದೀಪದ ಸ್ವಿಚ್ಚಿನತ್ತ ತಿರುಗುವರು, ಕಾರಿಡಾರಿನ ನಟ್ಟನಡುವೆ ನಿಂತು ಜೇಬು ತಡಕುವರು, ಮೊದಲ ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದೆಗೆದು ಬೀಗ ಎಳೆದು ನೋಡಲು ವಾಪಸಾಗುವರು. ಅವರ ಜೊತೆ ನಡೆದುಕೊಂಡು ಹೋಗುವವರು ಒಂದೋ ಮುಂದೆ ಹೋಗಿ ಕಾಯಬೇಕು, ಇಲ್ಲವೇ ತಾವೂ ಏನನ್ನೋ ಮರೆತವರಂತೆ ನಟಿಸಬೇಕು. ಬಿಳಿ ಕೋಟಿನೊಳಗೆ ಸುಡುಬೇಸಗೆಯಲ್ಲೂ ಒಂದು ಕಂದು ಉಣ್ಣೆ ಸ್ವೆಟರು. ಸ್ಕ್ಯಾನಿಂಗ್ ಕೋಣೆಯನ್ನು ಯಂತ್ರಕ್ಕಾಗಿ ಸದಾ ತಣ್ಣಗಿಡುವುದು ಅದಕ್ಕೆ ಕಾರಣ. ಆದರೆ ಅದೇ ಸ್ವೆಟರು ತರಕಾರಿ ಮಾರುಕಟ್ಟೆಯಲ್ಲೂ ಕಾಣಿಸಿಕೊಳ್ಳುತ್ತಿದ್ದುದಕ್ಕೆ, ಅದು ಗೆಣಸಿಗೂ ಶೀತವಾದೀತೆಂಬ ಮುನ್ನೆಚ್ಚರಿಕೆ ಎಂದು ಅವರ ಹೆಂಡತಿ ಅರ್ಥ ಹೇಳುತ್ತಿದ್ದರು.

ಡಾಕ್ಟರ ಕಸುಬು ಎಂಆರ್‌ಐ ಚಿತ್ರಗಳನ್ನು ಓದುವುದು. ಅದರಲ್ಲೂ ಯಕೃತ್ತು, ಎಂದರೆ ಲಿವರ್, ಅವರ ಸಾಮ್ರಾಜ್ಯ. ಕಾಮಾಲೆಯ ಹಳೆಯ ಸೋಂಕಿನಿಂದಲೋ ಕುಡಿತದಿಂದಲೋ ಲಿವರ್ ಗಂಟುಗಟ್ಟಿದವರಿಗೆ ಮುಂದೆ ಅದರಲ್ಲಿ ಗಡ್ಡೆ ಬೆಳೆಯುವ ಭಯವಿರುತ್ತದೆ. ಆದ್ದರಿಂದ ಅಂಥವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೊಟ್ಟೆಯ ಮೇಲೆ ಜೆಲ್ಲು ಸವರಿ ಮಾಡುವ ಸಾಧಾರಣ ಸ್ಕ್ಯಾನಿಂಗ್‌ನಲ್ಲಿ ಯಾರ ಲಿವರ್ ಸ್ಪಷ್ಟವಾಗಿ ಕಾಣುವುದಿಲ್ಲವೋ ಅವರೆಲ್ಲ ಡಾಕ್ಟರ ಪಾಲಿಗೆ ಬರುತ್ತಿದ್ದರು. ಕೊಳವೆಯಂಥ ಯಂತ್ರದೊಳಗೆ ಮಲಗಿ, ಧ್ವನಿವರ್ಧಕ ಹೇಳಿದಾಗ ಉಸಿರು ಹಿಡಿದು, ಬಿಡು ಎಂದಾಗ ಬಿಟ್ಟು, ಸುತ್ತಿನ ಮೇಲೆ ಸುತ್ತು ಚಿತ್ರ ತೆಗೆಸಿಕೊಳ್ಳಬೇಕು. ಒಂದು ಸುತ್ತಿನಲ್ಲಿ ಕೊಬ್ಬು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ನರಕ್ಕೆ ಕೊಟ್ಟ ಔಷಧಿಯೊಡನೆ ಹರಿಯುವ ರಕ್ತ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದದ್ದು ಡಾಕ್ಟರ ಬೆರಳಿನ ದೆಸೆಯಿಂದ ಗಂಟೆ ದಾಟುತ್ತಿತ್ತು. ದಣಿದ ರೋಗಿ ಕಡೆಯ ಸುತ್ತುಗಳಲ್ಲಿ ಉಸಿರು ಹಿಡಿಯಲಾರದೆ ಅಲುಗುವನು. ಅಲುಗಿದ್ದರಿಂದ ಚಿತ್ರ ಕಲಸಿಹೋಗುವುದು. ಕಲಸಿದ್ದರಿಂದ ಯಾವುದಕ್ಕೂ ಇನ್ನೊಂದು. ಆ ಇನ್ನೊಂದರಿಂದ ಇನ್ನಷ್ಟು ದಣಿವು. ಗಾಣದ ಎತ್ತಿಗೂ ಇದಕ್ಕಿಂತ ಬೇಗ ಬಿಡುಗಡೆಯಾಗುತ್ತದೆ ಎಂದು ಹೊರಬಂದ ಮುದುಕಿಯೊಬ್ಬಳು ಟೆಕ್ನಿಷಿಯನ್ನಿಗೆ ಹೇಳಿ ಹೋದಳು.

ಇದನ್ನೆಲ್ಲ ಡಾಕ್ಟರು ಗತ್ತಿಗಾಗಿ ಮಾಡುತ್ತಿದ್ದರೆಂದರೆ ಅನ್ಯಾಯವಾದೀತು. ಗತ್ತು ಇತ್ತು, ಆದರೆ ಅದು ಮೇಲಿನ ಕೋಟು. ಒಳಗಿನ ಸ್ವೆಟರೆಂದರೆ ಭಯ. ತೆಗೆಯದೆ ಬಿಟ್ಟ ಚಿತ್ರದಲ್ಲೇ ಗಡ್ಡೆ ಅಡಗಿ ಕೂತು ತಮ್ಮನ್ನು ನೋಡಿ ನಗುತ್ತಿದೆ ಎಂಬ ಕಲ್ಪನೆ ಅವರನ್ನು ಸ್ನಾನದ ಮನೆಯಲ್ಲೂ ಬಿಡುತ್ತಿರಲಿಲ್ಲ. ಬಚ್ಚಲಿನಿಂದಲೇ ಕೂಗಿ, ಆಸ್ಪತ್ರೆಗೆ ಫೋನ್ ಮಾಡಿ ಆ ದಪ್ಪನೆಯ ಮನುಷ್ಯನಿಗೆ ಲಿವರಿನ ಎಡಭಾಗ ಇನ್ನೊಮ್ಮೆ ನೋಡಬೇಕೆಂದು ಹೇಳಿಸಿದ್ದೂ ಉಂಟು. ಹೇಳಿಸುವ ಹೊತ್ತಿಗೆ ಆ ದಪ್ಪನೆಯ ಮನುಷ್ಯ ಮನೆ ಸೇರಿ, ಉಂಡು, ಮಲಗಿರುತ್ತಿದ್ದ.

ಈ ಸಾಮ್ರಾಜ್ಯದ ವಿರುದ್ಧ ಬಂಡೆದ್ದವನು ಹೊರಗಿನವನಲ್ಲ, ಡಾಕ್ಟರ ಸ್ವಂತ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ. ಹಣ್ಣಿನ ಮಂಡಿಯಲ್ಲಿ ಹರಾಜು ಕೂಗುವುದು ಅವನ ಉದ್ಯೋಗ. ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಕಾಯಿಲೆಗಿಂತ ಕಷ್ಟ. ಮನೆಯಲ್ಲಿ ನೀರು ಕೇಳಿದರೂ ಮಂಡಿಯ ಆಚೆ ಬದಿಗೆ ಕೇಳಿಸುತ್ತಿತ್ತು. ಚಿಕ್ಕಂದಿನಲ್ಲಿ ತಗುಲಿದ ಕಾಮಾಲೆ ಒಳಗೊಳಗೇ ಲಿವರನ್ನು ಗಂಟುಗಟ್ಟಿಸಿದ್ದು ನಡುವಯಸ್ಸಿನಲ್ಲಿ ತಿಳಿದುಬಂದು, ಅವನೂ ಆರು ತಿಂಗಳಿಗೊಮ್ಮೆ ಭಾವನ ಕೊಳವೆಯೊಳಗೆ ಮಲಗುವವನಾದ. ಒಂದೆರಡು ವರ್ಷ ಮಲಗಿದ. ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು, ಇನ್ನು ಬರುವುದಿಲ್ಲವೆಂದು ಘೋಷಿಸಿದ.

"ನೋಡಿ ಭಾವ, ನನ್ನ ಕೆಲಸದಲ್ಲಿ ಮೂರನೇ ಸಲ ಅಂದ್ಮೇಲೆ ಮುಗೀತು. ನಿಮ್ಮ ಕೆಲಸದಲ್ಲಿ ಮೂರನೇ ಸಲ ಅಂದ್ಮೇಲೆ ಶುರು. ನಂಗಾಗಲ್ಲ."

"ಲೋ, ನಿನ್ನ ಒಳ್ಳೇದಕ್ಕೇ ಕಣೋ ಅವರು ಮಾಡೋದು," ಎಂದರು ಅಕ್ಕ.

"ನನ್ನ ಒಳ್ಳೇದು ಒಂದು ಗಂಟೆ ಉಸಿರು ಕಟ್ಟಿ ಮಲಗಿದ್ರೇ ಆಗುತ್ತೆ ಅಂದ್ರೆ, ಅಕ್ಕ, ಆ ಒಳ್ಳೇದು ಭಾವನೇ ಇಟ್ಕೊಳ್ಳಲಿ. ಹೋದ ಸಲ ಅದರೊಳಗೆ ಮಲಗಿ ನಾನು ಸತ್ತ ಮೇಲೆ ಯಾರ್ಯಾರು ಅಳ್ತಾರೆ ಅಂತ ಲೆಕ್ಕ ಹಾಕಿದೆ. ಲೆಕ್ಕ ಮುಗೀತು, ಸ್ಕ್ಯಾನಿಂಗ್ ಮುಗೀಲಿಲ್ಲ."

ಡಾಕ್ಟರು ಗಂಭೀರವಾಗಿ ಯಕೃತ್ತಿನ ರಚನೆಯ ಬಗ್ಗೆ ಹೇಳತೊಡಗಿದರು. ಅದು ಸಾರು ಆರುವವರೆಗೆ ನಡೆಯಿತು. ಭಾವಮೈದುನ ಎಲ್ಲಕ್ಕೂ ತಲೆಯಾಡಿಸಿದ, ಎಲ್ಲವನ್ನೂ ಒಪ್ಪಿದ, ಮತ್ತು ಆ ಆರು ತಿಂಗಳ ಸರದಿಗೆ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಅಕ್ಕನ ಫೋನಿಗೆ ಮಂಡಿಯಲ್ಲಿ ಮಾವಿನ ಸುಗ್ಗಿ ಎಂದ, ಆಮೇಲೆ ದ್ರಾಕ್ಷಿಯ ಸುಗ್ಗಿ ಎಂದ. ಯಾವ ಹಣ್ಣೂ ಇಲ್ಲದ ತಿಂಗಳಲ್ಲಿ ಫೋನನ್ನೇ ಎತ್ತಲಿಲ್ಲ. ಅಕ್ಕ ತಮ್ಮನನ್ನು ಬಯ್ಯುವಷ್ಟು ಬಯ್ದು, ಉಳಿದದ್ದನ್ನು ಗಂಡನ ಕಡೆ ತಿರುಗಿಸಿದರು. "ನಿಮಗೆ ಊರವರ ಲಿವರೆಲ್ಲ ಗೊತ್ತು. ನನ್ನ ತಮ್ಮನದು ಒಂದು ವರ್ಷದಿಂದ ಏನಾಗಿದೆ ಅಂತ ಗೊತ್ತಾ?"

ಗೊತ್ತಿರಲಿಲ್ಲ. ಅಂದು ಡಾಕ್ಟರು ಮೊದಲ ಸಲ, ಬೆರಳೆತ್ತದೆ, ಊಟ ಬಿಟ್ಟು ಎದ್ದರು.

ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಒಬ್ಬ ಕಿರಿಯ ಡಾಕ್ಟರಮ್ಮ ಇದ್ದಳು. ಅವರ ಬಳಿಯೇ ಕಲಿತವಳು. ಅವರ ಮುಂದೆ ಕೂತು ಮಾತಾಡಲು ಅಂಜುತ್ತಿದ್ದಳು, ನಿಂತು ಮಾತಾಡಲು ಮಾತ್ರ ಅಂಜುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಮಾಡುವ ಲಿವರಿನ ಕಾವಲು ಪರೀಕ್ಷೆಗೆ ಎಲ್ಲ ಸುತ್ತುಗಳೂ ಬೇಕಿಲ್ಲ, ಆಯ್ದ ಎರಡು ಮೂರು ಸಾಕು, ಕಾಲು ಗಂಟೆಯೊಳಗೆ ಮುಗಿಸಬಹುದು, ಬೇರೆ ಕಡೆ ಹೀಗೆ ಮಾಡಿ ನೋಡುತ್ತಿದ್ದಾರೆ ಎಂದು ಅವಳು ಹಿಂದೆಯೇ ಒಮ್ಮೆ ಹೇಳಿದ್ದಳು. ಡಾಕ್ಟರು ಆಗ ಅವಳನ್ನು, ರಾಮಾಯಣವನ್ನು ಅಂಚೆ ಕಾರ್ಡಿನಲ್ಲಿ ಬರೆಯಬಹುದೆಂದವಳನ್ನು ನೋಡುವಂತೆ ನೋಡಿದ್ದರು. ಈ ಸಲ ಅವಳು ಬೇರೆ ದಾರಿ ಹಿಡಿದಳು.

"ಸರ್, ಆರು ತಿಂಗಳಿಗೊಮ್ಮೆ ಬರಬೇಕಾದವರಲ್ಲಿ ಎಷ್ಟೋ ಜನ ಬರ್ತಾ ಇಲ್ಲ. ಬಂದವರಲ್ಲಿ ನಾವು ಏನನ್ನೂ ಬಿಡಲ್ಲ, ಒಪ್ತೀನಿ. ಬರದೇ ಇರೋರಲ್ಲಿ ನಾವು ಎಲ್ಲಾನೂ ಬಿಡ್ತಾ ಇದೀವಿ."

"ಅದು ಅವರ ತಪ್ಪಮ್ಮ."

"ಗಡ್ಡೆಗೆ ಯಾರ ತಪ್ಪು ಅಂತ ಗೊತ್ತಾಗಲ್ವಲ್ಲ, ಸರ್."

ಡಾಕ್ಟರು ಸ್ವೆಟರಿನ ಅಂಚು ಎಳೆದುಕೊಂಡರು. ಬರದೇ ಇರುವವರು ಎಂದಾಗ ಅವರ ಕಣ್ಣಮುಂದೆ ಬಂದ ಮುಖ ಯಾವುದೆಂದು ಶಿಷ್ಯೆಗೆ ತಿಳಿದಿರಲಿಲ್ಲ. "ಪರೀಕ್ಷೆ ಮಾಡಿ ನೋಡೋಣ," ಎಂದರು. "ಆದರೆ ನಾನೇ ಓದ್ತೀನಿ. ನನ್ನ ಕಣ್ಣಿಗೆ ಒಂದೇ ಒಂದು ತಪ್ಪಿದರೂ ಈ ಮಾತು ಮತ್ತೆ ಎತ್ತಬಾರದು."

ಪರೀಕ್ಷೆಯ ಕ್ರಮ ಹೀಗೆ. ಕಳೆದ ವರ್ಷಗಳಲ್ಲಿ ಪೂರ್ತಿ ಸ್ಕ್ಯಾನಿಂಗ್ ಆಗಿ, ಮುಂದೆ ಯಾರಿಗೆ ಗಡ್ಡೆ ಇತ್ತು ಯಾರಿಗೆ ಇರಲಿಲ್ಲವೆಂದು ಖಚಿತವಾಗಿ ತಿಳಿದಿರುವವರ ಚಿತ್ರಗಳನ್ನು ಆರಿಸುವುದು. ಹೆಸರು, ವಯಸ್ಸು ಎಲ್ಲ ಅಳಿಸಿ, ಆಯ್ದ ಎರಡು ಮೂರು ಸುತ್ತುಗಳನ್ನು ಮಾತ್ರ ಓದಲು ಕೊಡುವುದು. ನೆನಪು ಮಾಸುವಷ್ಟು ಕಾಲ ಬಿಟ್ಟು, ಅದೇ ಜನರ ಪೂರ್ತಿ ಚಿತ್ರಗಳನ್ನು ಕ್ರಮ ಬದಲಿಸಿ ಕೊಡುವುದು. ಕೊನೆಗೆ ಎರಡು ತೀರ್ಪುಗಳನ್ನೂ ನಿಜದ ಪಕ್ಕದಲ್ಲಿಟ್ಟು ನೋಡುವುದು. ಶಿಷ್ಯೆ ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಅಣಿಗೊಳಿಸಿದಳು. ಮೊದಲ ದಿನ ಡಾಕ್ಟರು ತೆರೆಯ ಮುಂದೆ ಕೂತು, ಕನ್ನಡಕ ಒರೆಸಿ, ಯಾವುದಕ್ಕೂ ಇನ್ನೊಮ್ಮೆ ಒರೆಸಿ, ಮೊದಲ ಚಿತ್ರ ನೋಡಿದರು. ನೋಡಿದವರೇ ಸಂತೋಷದಿಂದ, "ಓಹೋ, ಇವರು ಡ್ರಾಯಿಂಗ್ ಮೇಷ್ಟ್ರು!" ಎಂದರು.

ಶಿಷ್ಯೆಯ ಮುಖ ಇಳಿಯಿತು. "ಹೆಸರು ಅಳಿಸಿದೀನಲ್ಲ, ಸರ್!"

"ಹೆಸರು ಯಾಕಮ್ಮ? ಬಲಗಡೆ ಅಂಚಲ್ಲಿ ಈ ಕಚ್ಚು ಇನ್ಯಾರಿಗಿದೆ? ಇದೋ, ಇದು ಆ ಪೆಟ್ರೋಲ್ ಬಂಕಿನ ಯಜಮಾನರದ್ದು. ಇದು ಗಡ್ಡೆ ಅಲ್ಲ, ರಕ್ತನಾಳದ ಗಂಟು, ನಾಲ್ಕು ವರ್ಷದಿಂದ ಹಾಗೇ ಇದೆ, ಪಾಪ ಒಳ್ಳೇ ಮನುಷ್ಯ."

ಇದೇ ಯಜಮಾನರು ಹಿಂದಿನ ದಿನ ಪೆಟ್ರೋಲ್ ಬಂಕಿನಲ್ಲಿ ಕೈಮುಗಿದು ನಕ್ಕಾಗ ಡಾಕ್ಟರು, ಯಾರೋ ಅಪರಿಚಿತರೆಂದು ದೂರದಿಂದಲೇ ತಲೆಬಾಗಿ ಬಂದಿದ್ದರು. ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. ಲಿವರುಗಳನ್ನು ಮಾತ್ರ ಅವರು, ಜಾತ್ರೆಯಲ್ಲಿ ತಾಯಿ ಮಗುವನ್ನು ಗುರುತಿಸುವಂತೆ, ಸಾವಿರದ ನಡುವೆ ಗುರುತಿಸಬಲ್ಲವರಾಗಿದ್ದರು. ಗುರುವಿನ ಕೈಕೆಳಗೆ ಇಷ್ಟು ವರ್ಷ ದುಡಿದ ಶಿಷ್ಯೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇದೊಂದನ್ನು ಮರೆತಿದ್ದಳು. ಉತ್ತರ ಬಾಯಿಪಾಠವಿರುವವರಿಗೆ ಪ್ರಶ್ನೆಪತ್ರಿಕೆ ಕೊಟ್ಟಂತಾಗಿತ್ತು. ಡಾಕ್ಟರು ಬೇಕಿದ್ದರೆ ಸುಮ್ಮನಿದ್ದು ಓದಿ, ಮೊಟಕು ಚಿತ್ರದಲ್ಲಿ ಏನೂ ಕಾಣುವುದಿಲ್ಲವೆಂದು ಹೇಳಿ, ತಮ್ಮ ಸುತ್ತುಗಳನ್ನು ಉಳಿಸಿಕೊಳ್ಳಬಹುದಿತ್ತು. ಅಂಥ ಯೋಚನೆ ಅವರಿಗೆ ಹೊಳೆಯಲೇ ಇಲ್ಲ. "ಇದು ನಡೆಯಲ್ಲಮ್ಮ, ಇವರೆಲ್ಲ ನಮ್ಮೋರು," ಎಂದು ಅವರೇ ತೆರೆ ಆರಿಸಿ ಎದ್ದರು. ಮರುದಿನ, ದೂರದ ಊರಿನ ಆಸ್ಪತ್ರೆಯಲ್ಲಿದ್ದ ಸಹಪಾಠಿಯೊಬ್ಬರಿಗೆ ತಾವೇ ಫೋನ್ ಮಾಡಿ, ನಿಮ್ಮಲ್ಲಿರುವ ಅಪರಿಚಿತ ಲಿವರುಗಳನ್ನು ಕಳಿಸಿಕೊಡಿ ಎಂದು ಕೇಳಿದರು. ಆ ಸಂಭಾಷಣೆಯನ್ನು ಅಕಸ್ಮಾತ್ ಕೇಳಿಸಿಕೊಂಡ ಕ್ಯಾಂಟೀನಿನವನು ಒಂದು ವಾರ ಅವರ ಮೇಜಿಗೆ ಬಂದು ನಿಲ್ಲಲು ಹಿಂದೆಮುಂದೆ ನೋಡಿದ.

ಅಪರಿಚಿತ ಲಿವರುಗಳು ಬಂದವು. ಡಾಕ್ಟರ ಪಾಡು ಶುರುವಾಯಿತು. ಪ್ರತಿ ರೋಗಿಗೂ ಮೂರು ಸುತ್ತಿನ ಚಿತ್ರ ಮುಗಿದೊಡನೆ ಬೆರಳು ತಾನಾಗಿ ಏಳುವುದು, ಆದರೆ ಮುಂದೆ ಏನೂ ಇಲ್ಲ, ಮುಂದಿನ ರೋಗಿ. ಬಾಯಲ್ಲಿಟ್ಟ ತುತ್ತನ್ನು ಅಗಿಯುವ ಮೊದಲೇ ತಟ್ಟೆ ಎತ್ತಿದಂತೆ ಅವರಿಗೆ ಕಸಿವಿಸಿ. ತೀರ್ಪು ಬರೆಯಲು ಮೂರೇ ದಾರಿ: ಇದೆ, ಇಲ್ಲ, ಅನುಮಾನ. ಮೊದಲ ವಾರ ಅವರು ಅನುಮಾನವನ್ನು ಎರಡೂ ಕೈಯಿಂದ ಬಾಚಿ ಹಂಚಿದರು. "ಸರ್, ಎಲ್ಲರೂ ಅನುಮಾನ ಅಂದ್ರೆ ಪೊಲೀಸ್ ಸ್ಟೇಷನ್ ಆಗುತ್ತೆ, ಆಸ್ಪತ್ರೆ ಆಗಲ್ಲ," ಎಂದಳು ಶಿಷ್ಯೆ. ಡಾಕ್ಟರು ಮುನಿಸಿಕೊಂಡರು, ಮನೆಗೆ ಹೋಗಿ ಯೋಚಿಸಿದರು, ಮತ್ತೆ ಬಂದು ಕೂತರು. ನಿಧಾನವಾಗಿ ಅವರಿಗೆ ತಮ್ಮ ಬಗ್ಗೆಯೇ ಒಂದು ಸಂಗತಿ ಅರಿವಾಗತೊಡಗಿತು. ಕಾಣಬೇಕಾದದ್ದು ಬಹುಪಾಲು ಮೊದಲ ಎರಡು ನೋಟದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ಉಳಿದ ಸುತ್ತುಗಳಲ್ಲಿ ಅವರು ನೋಡುತ್ತಿದ್ದುದು ಲಿವರನ್ನಲ್ಲ, ತಮ್ಮ ಧೈರ್ಯವನ್ನು. ಈ ಅರಿವು ಅಷ್ಟೇನೂ ಹಿತವಾದುದಲ್ಲ. ಅದಕ್ಕೇ ಅದನ್ನು ಯಾರಿಗೂ ಹೇಳದೆ, ಹೆಂಡತಿಗೆ ಮಾತ್ರ ಹೇಳಿದರು. ಹೆಂಡತಿ, "ಮದುವೆಯಾದ ವರ್ಷವೇ ಗೊತ್ತಿತ್ತು," ಎಂದು ಮಗ್ಗಲು ಬದಲಿಸಿದರು.

ಪೂರ್ತಿ ಚಿತ್ರಗಳ ಓದೂ ಮುಗಿದು, ನಿಜದ ಪಕ್ಕದಲ್ಲಿಟ್ಟು ನೋಡಿದಾಗ, ಮೊಟಕು ಓದಿನಲ್ಲಿ ಡಾಕ್ಟರ ಕಣ್ಣಿಗೆ ಒಂದು ಗಡ್ಡೆಯೂ ತಪ್ಪಿರಲಿಲ್ಲ. ಕೆಲವನ್ನು ಅವರು ಇದೆ ಎನ್ನದೆ ಅನುಮಾನ ಎಂದಿದ್ದರು, ಅಷ್ಟೆ. ಪೂರ್ತಿ ಓದಿನಲ್ಲೂ ತಪ್ಪಿರಲಿಲ್ಲ. ಆದರೆ ಅಲ್ಲಿ, ಕಡೆಯ ಸುತ್ತುಗಳ ಕಲಸಿದ ನೆರಳನ್ನು ಕಂಡು, ಇಲ್ಲದ ಗಡ್ಡೆಗಳನ್ನು ಕೆಲವರ ತಲೆಗೆ ಕಟ್ಟಿದ್ದರು. ಶಿಷ್ಯೆ ಗೆದ್ದವಳಂತೆ ಬೀಗಲಿಲ್ಲ, ಅದು ಅವಳ ಜಾಣತನ. ಡಾಕ್ಟರು ಫಲಿತಾಂಶವನ್ನು ಓದಿ, ಮತ್ತೆ ಓದಿ, ಸಹಪಾಠಿಯಿಂದ ಇನ್ನೊಂದು ಕಂತು ಲಿವರು ತರಿಸಿ ಅದನ್ನೂ ಓದಿ, ಆಮೇಲೆ ನಿಯಮ ಮಾಡಿದರು: ಕಾವಲು ಪರೀಕ್ಷೆಗೆ ಬರುವ ಎಲ್ಲರಿಗೂ ಮೊಟಕು ಸ್ಕ್ಯಾನಿಂಗ್, ಯಾರಲ್ಲಿ ಅನುಮಾನವೋ ಅವರನ್ನು ಮಾತ್ರ ಮತ್ತೆ ಕರೆದು ಪೂರ್ತಿ.

ನಿಯಮವಾದ ಮರುದಿನ ಡಾಕ್ಟರು ಆ ಕಂದು ಸ್ವೆಟರಿನಲ್ಲೇ ಹಣ್ಣಿನ ಮಂಡಿಗೆ ಹೋದರು. ಸೇಬಿನ ಪೆಟ್ಟಿಗೆಗಳ ಮೇಲೆ ನಿಂತು ಕೂಗುತ್ತಿದ್ದ ಭಾವಮೈದುನ ಕೂಗು ನಿಲ್ಲಿಸಲಿಲ್ಲ. ಹರಾಜು ಮುಗಿಸಿಯೇ ಇಳಿದು ಬಂದ.

"ಏನ್ ಭಾವ, ಇಲ್ಲೀವರೆಗೂ? ಬೀಗ ಹಾಕಿ ಬಂದಿದೀರಾ?"

"ಕಾಲು ಗಂಟೆ ಸಾಕು. ಅಷ್ಟೇ. ಬಾ."

"ನಿಮ್ಮ ಕಾಲು ಗಂಟೆನಾ, ಗಡಿಯಾರದ ಕಾಲು ಗಂಟೆನಾ?"

"ಗಡಿಯಾರದ್ದು. ನಿಮ್ಮಕ್ಕನ್ನ ಬೇಕಿದ್ರೆ ಹೊರಗೆ ಗಡಿಯಾರ ಹಿಡಿದು ಕೂರಿಸು."

ಅಕ್ಕ ನಿಜಕ್ಕೂ ಗಡಿಯಾರ ಹಿಡಿದು ಕೂತರು. ಭಾವಮೈದುನ ಒಳಗೆ ಹೋಗಿ, ಅಳುವವರ ಲೆಕ್ಕ ಅರ್ಧಕ್ಕೆ ಬರುವ ಮೊದಲೇ ಹೊರಗೆ ಬಂದು, ಇಷ್ಟೇನಾ, ನಾನಿನ್ನೂ ಹೆಂಡತಿ ಕಡೆಯವರ ಹತ್ತಿರ ಬಂದಿದ್ದೆ ಎಂದ. ಅಕ್ಕ ತಮ್ಮ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಡಾಕ್ಟರು ಅಲ್ಲಿರಲಿಲ್ಲ. ಅವರು ತೆರೆಯ ಮುಂದಿದ್ದರು. ಭಾವಮೈದುನನ ಲಿವರನ್ನು ಅವರು ಚೆನ್ನಾಗಿ ಬಲ್ಲರು. ಅದರ ಮೇಲಂಚಿನಲ್ಲಿ, ಕಳೆದ ಸಲ ಏನೂ ಇಲ್ಲದಿದ್ದ ಕಡೆ, ಬಟಾಣಿಗಿಂತ ತುಸು ದೊಡ್ಡದಾದ ಒಂದು ಬೆಳಕಿನ ಚುಕ್ಕೆ ಕೂತಿತ್ತು. ಇದೆ ಎನ್ನಲಾಗದು, ಇಲ್ಲ ಎನ್ನಲಾಗದು. ಶಿಷ್ಯೆಯನ್ನು ಕರೆದು ತೋರಿಸಿದರು. ಅವಳೂ ಅನುಮಾನವೇ ಎಂದಳು. ಹಾಗೆಂದರೆ ಪೂರ್ತಿ ಸ್ಕ್ಯಾನಿಂಗ್. ಹಾಗೆಂದರೆ ಅವನು ಯಾವುದರಿಂದ ಓಡಿಹೋಗಿದ್ದನೋ ಅದೇ ಒಂದು ಗಂಟೆ.

ಅವನಿಗೆ ಹೇಳಲು ಹೊರಟ ಡಾಕ್ಟರು ಆ ಕಾರಿಡಾರಿನಲ್ಲಿ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲವೆಂದು ಶಿಷ್ಯೆ ಆಮೇಲೆ ಹೇಳಿದಳು. ಕ್ಯಾಂಟೀನಿನ ಮೇಜಿನೆದುರು ನಿಂತು, ಪೀಠಿಕೆ ಹಾಕದೆ, ಯಕೃತ್ತಿನ ರಚನೆಯನ್ನು ವಿವರಿಸದೆ, "ಒಂದು ಚುಕ್ಕೆ ಇದೆ. ಏನು ಅಂತ ಗೊತ್ತಿಲ್ಲ. ಗೊತ್ತಾಗಬೇಕು ಅಂದ್ರೆ ಪೂರ್ತಿ ತೆಗೀಬೇಕು," ಎಂದರು. ಅಕ್ಕ ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟರು. ಭಾವಮೈದುನ ಒಂದು ಗುಟುಕು ಕಾಫಿ ಕುಡಿದ.

"ಯಾವಾಗ?"

"ಈಗ ಆದ್ರೆ ಈಗ. ಗಂಟೆ ಮೇಲಾಗುತ್ತೆ ಕಣಪ್ಪ."

"ಆಗಲಿ ಬಿಡಿ. ಕಾರಣ ಇದೆ ಅಂತ ಹೇಳಿದ್ರಲ್ಲ, ದಿನಪೂರ್ತಿ ಬೇಕಾದ್ರೂ ಮಲಗ್ತೀನಿ. ಯಾವುದಕ್ಕೂ ಅಂತ ಮಲಗಿಸಿದ್ರೆ ಮಾತ್ರ ಒಂದು ನಿಮಿಷ ಆಗಲ್ಲ ನಂಗೆ."

ಮಲಗಿದ. ಹೇಳಿದಾಗಲೆಲ್ಲ ಉಸಿರು ಹಿಡಿದ, ಕಡೆಯ ಸುತ್ತಿನವರೆಗೂ ಅಲುಗಲಿಲ್ಲ; ಮಂಡಿಯಲ್ಲಿ ವರ್ಷಗಟ್ಟಲೆ ಕೂಗಿ ಪಳಗಿದ ಶ್ವಾಸಕೋಶ ಅಂದು ಉಪಯೋಗಕ್ಕೆ ಬಂತು. ಚುಕ್ಕೆ ಗಡ್ಡೆಯೇ ಆಗಿತ್ತು. ಆದರೆ ಸಣ್ಣದು, ಒಂಟಿ, ಇನ್ನೂ ಎಲ್ಲಿಗೂ ಹೊರಟಿರಲಿಲ್ಲ. ಹೊಟ್ಟೆಯ ಮೇಲಿನಿಂದ ಸೂಜಿ ತೂರಿಸಿ, ಅದರ ತುದಿಯ ಶಾಖದಿಂದ ಸುಟ್ಟುಬಿಡಬಹುದಾದಂಥದ್ದು, ಹಾಗೇ ಸುಟ್ಟರು. ಕೆಲವೇ ದಿನಗಳಲ್ಲಿ ಅವನು ಮನೆಗೆ ಹೋದ. ಮನೆಯವರು ವಿಶ್ರಾಂತಿ ತೆಗೆದುಕೋ ಎಂದದ್ದಕ್ಕೆ ಕಿವಿಗೊಡದೆ ಮಂಡಿಗೂ ಹೋದ. ಈಗ ಅವನಿಗೆ ಸರದಿ ಇನ್ನೂ ಹತ್ತಿರ ಹತ್ತಿರ ಬರುತ್ತದೆ, ಅವನು ತಪ್ಪದೆ ಬರುತ್ತಾನೆ. ಬಂದಾಗಲೆಲ್ಲ ಒಂದು ಬುಟ್ಟಿ ಹಣ್ಣು ತಂದು, ಟೆಕ್ನಿಷಿಯನ್ನಿನ ಮೇಜಿನ ಮೇಲಿಟ್ಟು, ಭಾವನಿಗೆ ಕೊಡಬೇಡಿ, ಇನ್ನೊಂದು ಕೇಳ್ತಾರೆ ಎಂದು ಎಚ್ಚರಿಸುತ್ತಾನೆ.

ಆ ಗಡ್ಡೆ ಕಾಣದೆ ಇನ್ನೂ ಆರು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೆಂದು ಡಾಕ್ಟರಿಗೆ ಚೆನ್ನಾಗಿ ಗೊತ್ತು. ಆ ಲೆಕ್ಕವನ್ನು ಅವರು ಹೆಂಡತಿಗೂ ಹೇಳಿಲ್ಲ. ಇಷ್ಟಾದರೂ ಅವರು ಚುಟುಕಿನ ಮನುಷ್ಯರಾಗಿಬಿಟ್ಟರೆಂದು ಯಾರೂ ಭಾವಿಸಬಾರದು. ಬಟ್ಟೆ ಅಂಗಡಿಯವನು ಅವರನ್ನು ಕಂಡೊಡನೆ ಈಗಲೂ ಕಿರಿಯ ಮಾರಾಟಗಾರನನ್ನು ಮುಂದೆ ತಳ್ಳಿ ತಾನು ಊಟಕ್ಕೆ ಹೋಗುತ್ತಾನೆ. ಮೊಟಕು ಸ್ಕ್ಯಾನಿಂಗಿನ ಬಗ್ಗೆ ವೈದ್ಯರ ಸಭೆಯಲ್ಲಿ ಮಾತನಾಡಲು ಅವರಿಗೆ ಕೊಟ್ಟದ್ದು ಕಾಲು ಗಂಟೆ; ಸಮಯವನ್ನು ಉಳಿಸುವುದರ ಮಹತ್ವ ಕುರಿತು ಅವರು ಒಂದು ಗಂಟೆಗೂ ಮಿಕ್ಕಿ ಮಾತನಾಡಿದರು. ಅಧ್ಯಕ್ಷರು ಎರಡು ಸಲ ಗಂಟೆ ಬಾರಿಸಿದ್ದನ್ನು ಪ್ರೋತ್ಸಾಹವೆಂದು ತಿಳಿದರು. ಮುಂದಿನ ಸಾಲಿನಲ್ಲಿದ್ದ ಶಿಷ್ಯೆ ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡಿದ್ದಳು.

ನಮ್ಮ ಸುತ್ತ ಇಂಥವರು ಬಹಳ ಮಂದಿ ಇರುತ್ತಾರೆ: ಭಯವನ್ನು ಕಾಳಜಿಯೆಂದೂ, ನಿಲ್ಲಿಸಲಾಗದ್ದನ್ನು ಪರಿಪೂರ್ಣತೆಯೆಂದೂ ಪ್ರಾಮಾಣಿಕವಾಗಿ ನಂಬಿದವರು. ಅವರನ್ನು ನೋಡಿ ನಕ್ಕವರು, ರೇಗಿದವರು, ದಾರಿ ಬದಲಿಸಿ ಓಡಿದವರು ಯಾರೂ ಅವರನ್ನು ಒಂದಂಗುಲ ಅಲುಗಿಸಲಾರರು. ಅವರಿಗೆ ಕಡಿಮೆ ಮಾಡಿ ಎಂದು ಹೇಳಿ ಪ್ರಯೋಜನವಿಲ್ಲ. ಎಷ್ಟಕ್ಕೆ ಇಳಿಸಬಹುದೆಂದು ನೀವೇ ನೋಡಿ ಹೇಳಿ ಎಂದು ಅವರ ಕೈಗೇ ಕೊಟ್ಟುಬಿಡಬೇಕು. ಅವರು ನೋಡುತ್ತಾರೆ, ಅನುಮಾನಪಡುತ್ತಾರೆ, ನಮ್ಮ ತಾಳ್ಮೆಯ ದಾರ ಹರಿಯುವವರೆಗೆ ಮತ್ತೆ ಮತ್ತೆ ನೋಡುತ್ತಾರೆ, ತಮ್ಮ ಹಮ್ಮನ್ನೂ ಆ ತಕ್ಕಡಿಯಲ್ಲಿಟ್ಟು ತೂಗಿ ಅದು ಹಗುರವೆಂದು ಕಂಡರೆ ಸದ್ದಿಲ್ಲದೆ ಕೆಳಗಿಡುತ್ತಾರೆ. ಅವಸರದವರು ಮೊಟಕುಗೊಳಿಸಿದ ಸಂಗತಿಗಳ ನಡುವೆ ಬದುಕುವ ನಮಗೆ, ಏನನ್ನು ಬಿಟ್ಟಿದ್ದಾರೋ ಎಂಬ ಅಳುಕು ತಪ್ಪಿದ್ದಲ್ಲ. ಆದರೆ ಒಂದನ್ನೂ ಬಿಡಲಾರದ ಮನುಷ್ಯನೊಬ್ಬ, ಬಿಡಲಾರದೆ ಒದ್ದಾಡಿ, ಕೊನೆಗೆ ಸಾಕು ಎಂದನೆಂದರೆ, ಅಂಥವನ ಯಂತ್ರದೊಳಗೆ ಕಣ್ಣು ಮುಚ್ಚಿ ಮಲಗಬಹುದು.